ಆಸ್ಪತ್ರೆಯ ಬ್ಲಡ್ ರಿಪೋರ್ಟಿನಲ್ಲಿ ಆಲ್ಕೋಹಾಲ್ ಬಂದಿದೆ, ಪೊಲೀಸರು ತೆಗೆಸಿದ್ದಲ್ಲ. ಕೋರ್ಟಿನಲ್ಲಿ ಅದು ನಡೆಯುತ್ತಾ?

ನಡೆಯಲ್ಲ ಅಂತ ನನಗೂ ಹೇಳಿದ್ದರು. ಸುಂಟಿಕೊಪ್ಪದಿಂದ ಮಡಿಕೇರಿ ಕಡೆ ಬರುವಾಗ ಜುಲೈ ಮಳೆಯಲ್ಲಿ ತಿರುವಿನಲ್ಲಿ ಜೀಪು ಜಾರಿ ಚರಂಡಿಗೆ ಇಳಿಯಿತು. ಮದುವೆ ಮನೆಯಲ್ಲಿ ಕುಡಿದಿದ್ದೆ, ಮುಚ್ಚಿಡುವುದಿಲ್ಲ. ಖಾಸಗಿ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆಗೆ ಅಂತ ತೆಗೆದ ರಕ್ತದ ರಿಪೋರ್ಟಿನಲ್ಲಿ ಒಂದು ಸಾಲು: ಎಥನಾಲ್ (ಕುಡಿಯುವ ಆಲ್ಕೋಹಾಲ್), 100 ಮಿ.ಲೀ.ಗೆ 34 ಮಿ.ಗ್ರಾಂ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಮಿತಿ 30.

ನಾನು ಸೋತದ್ದು ಆ 34ರಿಂದ ಅಲ್ಲ. ಸರ್ಕಾರಿ ವಕೀಲರು ದಾಖಲೆಗಳ ಪಟ್ಟಿ ಕೊಟ್ಟಾಗ ಒಪ್ಪುತ್ತೀರೋ ಇಲ್ಲವೋ ಅಂತ ಕೇಳುತ್ತಾರೆ. ಆಗ ಅದು ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 294ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 330. ಬೇಗ ಮುಗಿಯಲಿ ಅಂತ ಅಷ್ಟಕ್ಕೂ ‘ತಕರಾರಿಲ್ಲ’ ಅಂದುಬಿಟ್ಟೆ. ಆ ಪಟ್ಟಿಯಲ್ಲೇ ಲ್ಯಾಬ್ ರಿಪೋರ್ಟೂ ಇತ್ತು. ತಕರಾರಿಲ್ಲದ ದಾಖಲೆಯನ್ನು ಸಾಕ್ಷಿ ಕರೆಸದೆಯೇ ಓದಿಕೊಳ್ಳಬಹುದು. ರಕ್ತ ತೆಗೆದ ನರ್ಸ್, ಯಂತ್ರ ನಡೆಸಿದ ಟೆಕ್ನಿಷಿಯನ್, ಸಹಿ ಹಾಕಿದ ಡಾಕ್ಟರ್, ಒಬ್ಬರೂ ಕಟಕಟೆ ಹತ್ತಲಿಲ್ಲ. ಹತ್ತಿದ್ದರೆ ಪಾಟೀಸವಾಲಿನಲ್ಲಿ ಕೇಳಬೇಕಿದ್ದದ್ದು ಒಂದೇ ಮಾತು: ನೀವು ಅಳೆದದ್ದು ರಕ್ತವನ್ನೋ, ಸೀರಮ್ಮನ್ನೋ?

ಆಸ್ಪತ್ರೆಯ ಲ್ಯಾಬುಗಳು ಸಾಮಾನ್ಯವಾಗಿ ಅಳೆಯುವುದು ಸೀರಮ್ ಅಥವಾ ಪ್ಲಾಸ್ಮಾ. ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣ ತಳಕ್ಕಿಳಿದು ಮೇಲೆ ತಿಳಿ ಹಳದಿ ದ್ರವ ನಿಲ್ಲುತ್ತದೆ, ಅದೇ. ಆಲ್ಕೋಹಾಲ್ ನೀರಿದ್ದ ಕಡೆ ಸೇರುತ್ತದೆ, ಕಣಗಳಿಗಿಂತ ಈ ದ್ರವದಲ್ಲಿ ನೀರು ಜಾಸ್ತಿ. ಹಾಗಾಗಿ ಅದೇ ಮನುಷ್ಯನ, ಅದೇ ಹೊತ್ತಿನ ಸೀರಮ್ ಅಂಕಿ ರಕ್ತದ ಅಂಕಿಗಿಂತ ಸುಮಾರು ಶೇ. 12ರಿಂದ 18ರಷ್ಟು ಮೇಲಿರುತ್ತದೆ. 34ನ್ನು 1.15ರಿಂದ ಭಾಗಿಸಿ ನೋಡಿ: 29.6. ಕಾಯ್ದೆ ಹೇಳುವುದು 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಮೀರಿರಬೇಕು ಅಂತ. ಈ ಲೆಕ್ಕ ನನಗೆ ಗೊತ್ತಾಗುವಾಗ ದಂಡ ಕಟ್ಟಿಯಾಗಿತ್ತು, ಜೀಪಿನ ಇನ್ಶೂರೆನ್ಸೂ ಆ ತೀರ್ಪು ತೋರಿಸಿಯೇ ತಿರಸ್ಕಾರವಾಗಿತ್ತು.

ಇನ್ನೊಂದು, ವಿಧಾನ. ಆಸ್ಪತ್ರೆಯ ಯಂತ್ರ ಕಿಣ್ವ ಬಳಸಿ, ಕೊನೆಗೆ ಹುಟ್ಟುವ ಎನ್‌ಎಡಿಎಚ್ ಅನ್ನುವ ರಾಸಾಯನಿಕವನ್ನು ಬೆಳಕಿನಿಂದ ಅಳೆಯುತ್ತದೆ. ಜೋರಾಗಿ ಪೆಟ್ಟಾಗಿ ರಕ್ತದಲ್ಲಿ ಲ್ಯಾಕ್ಟೇಟ್ ಅನ್ನುವ ವಸ್ತು, ಎಲ್‌ಡಿಎಚ್ ಅನ್ನುವ ಕಿಣ್ವ ಎರಡೂ ಏರಿದ್ದರೆ ಅವೂ ಅದನ್ನೇ ಹುಟ್ಟಿಸಿ ಅಂಕಿ ಸುಳ್ಳು ಏರಬಹುದು. ವಿಧಿವಿಜ್ಞಾನ ಲ್ಯಾಬಿನಲ್ಲಿ ಗ್ಯಾಸ್ ಕ್ರೊಮಾಟೊಗ್ರಾಫ್ ಎಥನಾಲನ್ನು ಬೇರ್ಪಡಿಸಿಯೇ ಅಳೆಯುತ್ತದೆ. ಅಲ್ಲಿಗೆ ಹೋಗುವ ರಕ್ತ ಬೂದು ಮುಚ್ಚಳದ, ಸೋಡಿಯಂ ಫ್ಲೋರೈಡ್ ಇರುವ ಟ್ಯೂಬಿನಲ್ಲಿ ಸೀಲಾಗಿ ಹೋಗಬೇಕು. ಫ್ಲೋರೈಡೂ ಇಲ್ಲ, ಫ್ರಿಜ್ಜೂ ಇಲ್ಲ ಅಂದರೆ ಸೂಕ್ಷ್ಮಾಣುಗಳು ಟ್ಯೂಬಿನೊಳಗೇ ಆಲ್ಕೋಹಾಲ್ ಹುಟ್ಟಿಸಬಲ್ಲವು.

ಈಗ ನಿಮ್ಮ ಪ್ರಶ್ನೆಗೆ. ‘ನಡೆಯುತ್ತಾ, ಇಲ್ಲವಾ’ ಅನ್ನುವುದೇ ತಪ್ಪು ಪ್ರಶ್ನೆ. ಪೊಲೀಸರು ತೆಗೆಸದ ರಿಪೋರ್ಟನ್ನು ನೋಡಲೇಬಾರದು ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ, 2019ರ ಸೆಪ್ಟೆಂಬರ್ 1ರಿಂದ 185ರಲ್ಲೇ ‘ಪ್ರಯೋಗಾಲಯದ ಪರೀಕ್ಷೆಯೂ ಸೇರಿ ಬೇರೆ ಪರೀಕ್ಷೆ’ ಎಂದು ಸೇರಿದೆ. ಆದರೆ ಸರ್ಕಾರಿ ವಿಧಿವಿಜ್ಞಾನ ತಜ್ಞರ ವರದಿಯನ್ನು ಅವರನ್ನು ಕರೆಸದೆ ಓದಬಹುದು ಅನ್ನುವ ಬಿಎನ್‌ಎಸ್‌ಎಸ್ 329ರ ಸೌಲಭ್ಯ ಆಸ್ಪತ್ರೆಯ ಟೆಕ್ನಿಷಿಯನ್‌ಗೆ ಇಲ್ಲ. ನೀವು ತಕರಾರು ಎತ್ತಿದರೆ ಅವರು ಬಂದು ಹೇಳಬೇಕು. ಕಂಪ್ಯೂಟರಿನಿಂದ ತೆಗೆದ ಪ್ರಿಂಟಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಇದೆಯಾ ನೋಡಿ, ಎ ಮತ್ತು ಬಿ ಎರಡೂ ಭಾಗ ತುಂಬಿರಬೇಕು. ತಕರಾರನ್ನು ರಿಪೋರ್ಟ್ ಸಾಕ್ಷ್ಯವಾಗಿ ಮಾರ್ಕ್ ಆಗುವ (ದಾಖಲಾಗುವ) ಹೊತ್ತಿಗೇ ಹೇಳಿ, ವಾದದ ದಿನ ಹೇಳಿದರೆ ತಡವಾಯಿತು.

ಸ್ಪಿರಿಟ್ ಹತ್ತಿಯಿಂದ ಒರೆಸಿ ಸೂಜಿ ಚುಚ್ಚಿದರು, ಅದಕ್ಕೇ ಅಂಕಿ ಬಂತು ಅನ್ನುವ ವಾದವನ್ನೇ ನಂಬಿ ಕೂರಬೇಡಿ. ಸ್ಪಿರಿಟ್ ಬಳಸಬಾರದು ನಿಜ, ಆದರೆ ಚರ್ಮದ ಮೇಲೆ ಒಣಗಿದ ಸ್ಪಿರಿಟ್‌ನಿಂದ ಅಂಕಿ ಅಷ್ಟೇನೂ ಏರದು. ಇದರ ಮೇಲೇ ಕೇಸು ನಿಲ್ಲಿಸುವ ವಕೀಲರನ್ನು ನಾನಂತೂ ಹಿಡಿಯುವುದಿಲ್ಲ.

ರಕ್ತ ತೆಗೆದ ಸಮಯವನ್ನೂ ನೋಡಿ. ದೇಹ ಗಂಟೆಗೆ ಸಾಮಾನ್ಯವಾಗಿ 100 ಮಿ.ಲೀ. ರಕ್ತಕ್ಕೆ 10ರಿಂದ 20 ಮಿ.ಗ್ರಾಂ ಇಳಿಸುತ್ತದೆ. ಅಪಘಾತವಾಗಿ ಎರಡು ಗಂಟೆ ಬಿಟ್ಟು ತೆಗೆದಿದ್ದರೆ, ಸ್ಟಿಯರಿಂಗ್ ಹಿಡಿದಾಗ ಇನ್ನೂ ಹೆಚ್ಚಿತ್ತು ಅಂತ ಎದುರಿನವರು ಹಿಂದಕ್ಕೆ ಲೆಕ್ಕ ಹಾಕಬಹುದು. ನಿಮ್ಮ ಅಂಕಿ ದೊಡ್ಡದಿದ್ದರೆ ಅಥವಾ ಬೇರೆಯವರಿಗೆ ಪೆಟ್ಟಾಗಿದ್ದರೆ ಸೀರಮ್ ಲೆಕ್ಕ ಹಿಡಿದು ತಪ್ಪಿಸಿಕೊಳ್ಳಲು ನೋಡಬೇಡಿ, ಒಪ್ಪಿಕೊಳ್ಳಿ. ಇನ್ಶೂರೆನ್ಸಿನ ದಾರಿಯಂತೂ ಬೇರೆಯೇ: ಸ್ವಂತ ಗಾಡಿಯ ನಷ್ಟದ ಕೇಸಿನಲ್ಲಿ ಪರೀಕ್ಷೆಯೇ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಅಮಲನ್ನು ತೋರಿಸಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಇವತ್ತೇ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ: ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಾಳುಗಳ) ರಿಜಿಸ್ಟರಿನ ನಕಲು, ಕ್ಯಾಜುವಾಲ್ಟಿ ಚೀಟಿ, ಲ್ಯಾಬಿಗೆ ಬರೆದ ಚೀಟಿ, ಯಂತ್ರದ ಪ್ರಿಂಟ್. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ನಿಯಮವಿದೆ. ಒಳರೋಗಿಯ ದಾಖಲೆ ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಶುರುವಾದಂದಿನಿಂದ ಮೂರೇ ವರ್ಷ, ಕೇಸು ಅಷ್ಟರಲ್ಲಿ ಮುಗಿಯುತ್ತದೆ ಅಂತ ಹೇಳಲಾಗದು. ಅರ್ಜಿಯ ಇನ್ನೊಂದು ಪ್ರತಿಗೆ ಆಸ್ಪತ್ರೆಯ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ.