ಹೊಸ ಲೆನ್ಸ್ ಆಮೇಲೆ, ಮೊದಲು ಒಂದು ಆಲೆಮನೆ ಹುಡುಕಿಕೊಳ್ಳಿ

ಮಂಡ್ಯದಲ್ಲಿದ್ದೀರಿ, ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ಸಮೇತ ಕ್ಯಾಮೆರಾ ಕೊಂಡಿದ್ದೀರಿ, ಅಪರ್ಚರ್ (ಬೆಳಕು ಬಿಡುವ ಕಿಂಡಿಯ ಅಗಲ), ಶಟರ್ (ಬೆಳಕು ಬಿಡುವ ಹೊತ್ತು), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಎಲ್ಲ ಅರ್ಥವಾಗಿದೆ, ಆದರೂ ಫೋಟೋಗಳು ಸಪ್ಪೆ ಬರ್ತಿವೆ. ದೊಡ್ಡ ಲೆನ್ಸ್ ಕೊಳ್ಳಲಾ, ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ನಾನು ಮೈಸೂರಿನವನು, ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಓಡಾಡುತ್ತೇನೆ. ಸದ್ಯಕ್ಕೆ ಎರಡೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಮತ್ತೆ ಹೋಗಿ. ಅಲ್ಲಿ ಬೆಳಕು ಏನು ಮಾಡುತ್ತದೆ ನೋಡಿ.

ನಿಮ್ಮೂರಿನ ಸುತ್ತಮುತ್ತ ಅಂಥ ಜಾಗ ಅಂದರೆ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆ. ತಗ್ಗಿನ ಸೂರು, ಮಸಿ ಹಿಡಿದ ಗೋಡೆ, ಕೊಪ್ಪರಿಗೆಯಿಂದ ಏಳುವ ಆವಿ, ಕೆಳಗೆ ಒಲೆಯ ಉರಿ. ಬೆಳಕಿನ ಪಾಠಕ್ಕೆ ಇನ್ನೇನು ಬೇಕು? ಬೆಳಿಗ್ಗೆ ಬಿಸಿಲು ಓರೆಯಾಗಿ ಒಳಗೆ ಬೀಳುವ ಹೊತ್ತಿಗೆ ಹೋಗಿ. ಮಾಲೀಕರನ್ನು ಕೇಳಿಕೊಂಡೇ ಒಳಗೆ ಕಾಲಿಡಿ.

ಮೊದಲು ಬಿಸಿಲಿಗೆ ಬೆನ್ನು ಹಾಕಿ ನಿಂತು ಆವಿಯನ್ನು ತೆಗೆಯಿರಿ. ಬೂದು ಬಣ್ಣದಲ್ಲಿ ಮಂಕಾಗಿ ಬರುತ್ತದೆ. ಈಗ ಕೊಪ್ಪರಿಗೆಯ ಆಚೆ ಬದಿಗೆ ಹೋಗಿ, ಬೆಳಕಿಗೆ ಎದುರಾಗಿ ನಿಲ್ಲಿ. ಅದೇ ಆವಿ ಎಳೆ ಎಳೆಯಾಗಿ ಹೊಳೆಯುತ್ತದೆ. ಆವಿಯಲ್ಲಿರುವ ಸಣ್ಣ ನೀರಿನ ಹನಿಗಳು ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚು ಪಾಲನ್ನು ಮುಂದಕ್ಕೇ ಚೆಲ್ಲುತ್ತವೆ, ಹಿಂದಕ್ಕೆ ಬರುವುದು ಕಡಿಮೆ. ಹತ್ತು ಹೆಜ್ಜೆ ನಡೆದದ್ದಕ್ಕೆ ಇಷ್ಟು ಫರಕು! ಯಾವ ಲೆನ್ಸೂ ಇದನ್ನು ಕೊಡುವುದಿಲ್ಲ.

ಇಲ್ಲಿ ಕ್ಯಾಮೆರಾ ಒಂದು ತೊಂದರೆ ಕೊಡುತ್ತದೆ. ಬೆಳಕು ಅಳೆಯುವ ಅದರ ಮೀಟರ್ ಕಂಡದ್ದನ್ನೆಲ್ಲ ನಡುಮಟ್ಟದ ಬೂದಿಗೆ ತರಲು ನೋಡುತ್ತದೆ. ಒಳಗೆಲ್ಲ ಕತ್ತಲೆ ಇರುವುದರಿಂದ ಬೆಳಕು ಸಾಲದು ಅಂದುಕೊಂಡು ಜಾಸ್ತಿ ಮಾಡುತ್ತದೆ, ಆವಿ ಸುಣ್ಣದ ಹಾಗೆ ಬೆಳ್ಳಗಾಗಿ ಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ. ಕತ್ತಲೆ ಕತ್ತಲೆಯಾಗಿಯೇ ಇರಲಿ ಬಿಡಿ, ಅದರಿಂದಲೇ ಆವಿಗೆ ಬೆಲೆ. ಬೆಳಕಿನ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ಡೇಲೈಟ್‌ಗೆ ಬದಲಿಸಿ. ಆಟೋದಲ್ಲಿ ಬಿಟ್ಟರೆ ಉರಿಯ ಕೆಂಪನ್ನು ಅದು ಸರಿಮಾಡಲು ಹೋಗಿ ಕೆಡಿಸುತ್ತದೆ.

ಮೊದಲ ಅಡುಗೆ ಮುಗಿಯುವವರೆಗೆ ಕ್ಯಾಮೆರಾ ಚೀಲದಲ್ಲೇ ಇರಲಿ. ಸುಮ್ನೆ ನೋಡಿ. ಯಾರು ಎಲ್ಲಿ ನಿಲ್ಲುತ್ತಾರೆ, ಯಾವಾಗ ಒಲೆಯ ಕಡೆ ಬಾಗುತ್ತಾರೆ, ಪಾಕ ಹದಕ್ಕೆ ಬಂದಾಗ ಯಾರು ಯಾರನ್ನು ಕೂಗುತ್ತಾರೆ. ಪಾಕ ಸುರಿಯುವಾಗ ಅವಸರವೋ ಅವಸರ. ಮುಂದಿನ ಅಡುಗೆಗೆ ಆ ಗಳಿಗೆ ಎಲ್ಲಿ, ಹೇಗೆ ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ. ಸುರಿಯುವ ದಾರಿಯಿಂದ ದೂರ ನಿಲ್ಲಿ, ಬಿಸಿ ಪಾಕ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ.

ಹೋದಾಗಲೆಲ್ಲ ಒಂದೊಂದು ಕಟ್ಟುಪಾಡು ಹಾಕಿಕೊಳ್ಳಿ. ಒಂದು ದಿನ ಝೂಮ್ ರಿಂಗನ್ನು 35 ಎಂಎಂಗೆ ಟೇಪ್ ಹಚ್ಚಿಬಿಡಿ, ಹತ್ತಿರ ಬೇಕಾದರೆ ನೀವೇ ನಡೆಯಬೇಕು. ಇನ್ನೊಂದು ದಿನ ಶಟರ್ 1/15 ಸೆಕೆಂಡಿಗೆ ಇಳಿಸಿ, ಕಂಬಕ್ಕೆ ಒರಗಿ, ಪಾಕ ತಿರುವುವ ಕೈಯ ಓಟವನ್ನು ಹಿಡಿಯಿರಿ. ಮತ್ತೊಂದು ದಿನ ಪರದೆಯನ್ನು ಕಪ್ಪು-ಬಿಳುಪಿಗೆ ಬದಲಿಸಿಕೊಂಡು ರಾ ಫೈಲ್‌ನಲ್ಲಿ (ಸೆನ್ಸರ್ ಕಂಡದ್ದೆಲ್ಲ ಹಾಗೇ ಉಳಿಯುವ ಫೈಲ್) ತೆಗೆಯಿರಿ. ಫೈಲ್‌ನಲ್ಲಿ ಬಣ್ಣ ಉಳಿದೇ ಇರುತ್ತದೆ, ಆದರೆ ಕಣ್ಣು ಬಣ್ಣ ಬಿಟ್ಟು ನೆರಳು-ಬೆಳಕನ್ನೇ ನೋಡಲು ಕಲಿಯುತ್ತದೆ. ನಾನು ಒಂದೇ ಅಭ್ಯಾಸ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಕಪ್ಪು-ಬಿಳುಪು ಅಂದಾಗ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ನೋಡಿ ಅಂತ ಕೇಳಿಕೊಳ್ಳುತ್ತೇನೆ. 1923ರಲ್ಲಿ ಮೈಸೂರಿನಲ್ಲೇ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು. ಮಕ್ಕಳು, ಕೆಲಸ ಮಾಡುವ ಹೆಂಗಸರು, ರಸ್ತೆಯ ಜನ, ಅವರು ತೆಗೆದದ್ದು ಹೆಚ್ಚಾಗಿ ಇಂಥವರನ್ನೇ. ಒಂದು ಚಿತ್ರ ಇಷ್ಟವಾದರೆ, ಬೆಳಕು ಯಾವ ಕಡೆಯಿಂದ ಬಂದಿದೆ, ಅವರು ಎಲ್ಲಿ ನಿಂತಿದ್ದಿರಬಹುದು ಅಂತ ಯೋಚಿಸಿ.

ಮೈಸೂರಿಗೆ ಬಂದರೆ ದೇವರಾಜ ಮಾರುಕಟ್ಟೆಗೆ ಹೋಗಿ. ಕುಂಕುಮದ ರಾಶಿಯನ್ನು ಎಲ್ಲರೂ ತೆಗೆಯುತ್ತಾರೆ, ನೀವು ಹೂವಿನವರ ಕೈ ನೋಡಿ. ಮಾರು ಹಾಕುವಾಗ ಕೈ ಪೂರ್ತಿ ಚಾಚಿದ ಕಡೆ ಒಂದು ಚೂರು ನಿಲ್ಲುತ್ತದೆ. ಆಗ ಒತ್ತಿದರೆ 1/60ರಲ್ಲೂ ಕೈ ಅಲುಗದೆ ಬರುತ್ತದೆ, ಐಎಸ್‌ಒ ಏರಿಸುವ ಕಷ್ಟ ತಪ್ಪುತ್ತದೆ.

ಅರಮನೆ ದೀಪಗಳಿಗೂ ಒಂದು ಮಾತು. ಭಾನುವಾರ ಸಂಜೆ ಏಳಕ್ಕೆ ಹತ್ತುತ್ತವೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಆರರ ಆಸುಪಾಸಿನಲ್ಲೇ ಮುಳುಗುತ್ತಾನೆ, ಏಳಕ್ಕೆ ಆಕಾಶ ಕಪ್ಪು. ಜೂನ್ ಕೊನೆಯಲ್ಲಿ ಮುಳುಗುವುದು ಸುಮಾರು 6:50ಕ್ಕೆ. ಹಾಗಾಗಿ ಮೋಡ ಇಲ್ಲದಿದ್ದರೆ ದೀಪ ಹತ್ತಿದ ಮೊದಲ ಹತ್ತು ಹದಿನೈದು ನಿಮಿಷ ಹಿಂದೆ ಕಡುನೀಲಿ ಆಕಾಶ ಸಿಗುತ್ತದೆ. ಮಳೆಗಾಲ ಅಂತ ಸುಮ್ಮನಿರಬೇಡಿ.

ಇನ್ನು ದೊಡ್ಡ ಲೆನ್ಸ್. ಹಕ್ಕಿಗಳ ಹುಚ್ಚು ಹತ್ತಿದರೆ ಮಾತ್ರ ಅದರ ಯೋಚನೆ ಮಾಡಿ. ಆಗಲೂ ಮೊದಲು ಒಂದು 55-250 ಎಂಎಂ ಝೂಮ್ ಲೆನ್ಸ್ ಬಾಡಿಗೆಗೆ ತಂದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಅಷ್ಟು ಉದ್ದದ ಲೆನ್ಸೇ ಸಾಕಾಗುತ್ತದೆ. ಹಾರುವ ಹಕ್ಕಿಗೆ ಶಟರ್ 1/1600ಕ್ಕಿಂತ ಕೆಳಗೆ ಇಳಿಸಬೇಡಿ. ಹಿಂದೆ ಹಸಿರು ಮರ ಇದ್ದು ಹಕ್ಕಿ ಬೆಳ್ಳಗಿದ್ದರೆ ಆಲೆಮನೆಯಲ್ಲಿ ಮಾಡಿದ ಹಾಗೆಯೇ ಸ್ವಲ್ಪ ಮೈನಸ್ ಮಾಡಿ, ಇಲ್ಲದಿದ್ದರೆ ಗರಿಗಳ ಗೆರೆ ಕಾಣುವುದಿಲ್ಲ.