ಆ್ಯಪ್ ಕೊಟ್ಟಿದ್ದನ್ನೇ ಕೊಡ್ತಿದೆ. ಎಕ್ಸ್‌ಪೆರಿಮೆಂಟಲ್, ಎಲೆಕ್ಟ್ರಾನಿಕ್, ಇಂಡೀ ಸಂಗೀತ ಹುಡುಕೋಕೆ ಯಾವ ಆ್ಯಪ್‌ಗೆ ದುಡ್ಡು ಕಟ್ಟಿದರೆ ಒಳ್ಳೇದು? ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ದಿನಾ ಟ್ರೇನಲ್ಲಿ ಓಡಾಡ್ತೀನಿ, ಉಳಿಸಿಟ್ಟ 60 ಹಾಡಲ್ಲಿ ಅರ್ಧ ಈಗ ತೆರೆಯಲ್ಲ.

ಯಾವುದಕ್ಕೂ ಕಟ್ಟಬೇಡಿ. ಉಳಿಸಿಟ್ಟ ಹಾಡಲ್ಲಿ ಅರ್ಧ ತೆರೆಯಲ್ಲ ಅಂತ ಕೊನೇಲಿ ಒಂದು ಸಾಲು ಬರೆದಿದ್ದೀರಲ್ಲ, ನನ್ನ ಕಣ್ಣು ನಿಂತಿದ್ದು ಅಲ್ಲಿ. ನಿಮ್ಮ ತೊಂದರೆ ಆ್ಯಪ್‌ದಲ್ಲ.

ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡಿದ್ದಾಗ ಮೂರು ವರ್ಷ ರಾತ್ರಿ ಕೂತು ಒಂದು ವಿಡಿಯೊ ತಾಣದಲ್ಲಿ ಪ್ಲೇಲಿಸ್ಟ್ ಕಟ್ಟಿದ್ದೆ. ಡ್ರೋನ್ (ಒಂದೇ ಸ್ವರವನ್ನ ಉದ್ದಕ್ಕೆ ಎಳೆಯೋ ಸಂಗೀತ), ನಾಯ್ಸ್ (ಗದ್ದಲವನ್ನೇ ಸಂಗೀತ ಮಾಡಿದ್ದು), ಯಾರೋ ಮನೇಲಿ ಕೂತು ಕ್ಯಾಸೆಟ್‌ಗೆ ಇಳಿಸಿದ ಸಿಂತಸೈಜರ್ ಸಂಗೀತ, ಒಟ್ಟು 212. ಒಂದು ಬೆಳಿಗ್ಗೆ ತೆಗೆದು ನೋಡಿದರೆ 140ರ ಜಾಗದಲ್ಲಿ ಬೂದು ಚೌಕ. ಹಾಡು ಹೋಗಿದ್ದಷ್ಟೇ ಆಗಿದ್ದರೆ ಇಷ್ಟು ಬರೀತಿರಲಿಲ್ಲ. ಹೆಸರೂ ಹೋಗಿತ್ತು. ಏನೇನು ಕಳೆದುಹೋಗಿದೆ ಅನ್ನೋದಕ್ಕೂ ಪಟ್ಟಿ ಇರಲಿಲ್ಲ.

ನಾನು ಮಾಡಿದ ತಪ್ಪು ಒಂದೇ, ಕೊಂಡಿ (ಲಿಂಕ್) ಉಳಿಸಿದೆ, ಹೆಸರು ಬರೆದುಕೊಳ್ಳಲಿಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಮೂರು ಸಲ ಏಟು ಬೀಳುತ್ತೆ. ಮೊದಲನೇದು, ಇಂಥ ಹಳೇ ಸಂಗೀತವನ್ನ ತಾಣಕ್ಕೆ ಹಾಕೋರು ಬಹಳ ಸಲ ಕಲಾವಿದರಲ್ಲ, ಸಂಗ್ರಹ ಮಾಡೋ ಹುಚ್ಚಿರೋರು. ಹಕ್ಕುಸ್ವಾಮ್ಯದ ದೂರು ಮೇಲಿಂದ ಮೇಲೆ ಬಂದರೆ ಖಾತೆಯೇ ಮುಚ್ಚುತ್ತೆ, ಅವರು ಹಾಕಿದ್ದೆಲ್ಲ ಒಟ್ಟಿಗೆ ಹೋಗುತ್ತೆ. ನನ್ನ 140 ಹಾಡೂ ಮೂರೇ ಖಾತೆಯವು. ಎರಡನೇದು, ಪ್ರತಿ ವಿಡಿಯೊದ ಕೆಳಗೆ ಲೇಬಲ್ (ಸಂಗೀತ ಹೊರತರೋ ಸಂಸ್ಥೆ) ಹೆಸರು, ಕ್ಯಾಟಲಾಗ್ ನಂಬರು (ಲೇಬಲ್ ತನ್ನ ಪ್ರತಿ ಬಿಡುಗಡೆಗೆ ಕೊಡೋ ನಂಬರು), ಇಸವಿ, ಎಲ್ಲ ಎರಡು ಸಾಲಲ್ಲಿ ಇತ್ತು. ಬಿಚ್ಚಿ ನೋಡಿದವನಲ್ಲ. ಮೂರನೇದು, ಈ ಸಂಗೀತವನ್ನ ನೆನಪಿನಿಂದ ಹುಡುಕೋಕಾಗಲ್ಲ. ಸಿನಿಮಾ ಹಾಡಾದ್ರೆ ಪಲ್ಲವಿ ಟೈಪ್ ಮಾಡಬಹುದು. ಇಲ್ಲಿ ಮಾತೇ ಇರಲ್ಲ, ಹಾಡಿನ ಹೆಸರು ‘ಅನ್‌ಟೈಟಲ್ಡ್ 3’ ಅಂತಿರುತ್ತೆ, ಅದೇ ಹೆಸರಲ್ಲಿ ಇನ್ನು ನೂರಾರು ಇರುತ್ತೆ. ಗುರುತು ಹಿಡಿಯೋಕೆ ಲೇಬಲ್ಲು ಮತ್ತು ಕ್ಯಾಟಲಾಗ್ ನಂಬರೇ ಗತಿ.

ದೊಡ್ಡ ತಾಣ ಅಂತ ನಂಬಿದರೂ ಅಷ್ಟೇ. ಮೈಸ್ಪೇಸ್ ಅನ್ನೋ ಸೋಷಿಯಲ್ ತಾಣ 2003ರಿಂದ 2015ರವರೆಗೆ ಜನ ಹಾಕಿದ್ದ ಸಂಗೀತವನ್ನ ಸರ್ವರ್ ಬದಲಿಸುವಾಗ ಕಳೆದುಕೊಂಡಿದ್ದು 2019ರಲ್ಲಿ ಹೊರಬಂತು.

ಹಾಗಾಗಿ ಒಂದು ಸ್ಪ್ರೆಡ್‌ಶೀಟ್ ಮಾಡಿ. ಕಲಾವಿದ, ಆಲ್ಬಮ್, ಲೇಬಲ್, ಕ್ಯಾಟಲಾಗ್ ನಂಬರ್, ಇಸವಿ, ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸದ್ದನ್ನ ಕೊನೇ ಸಲ ಹದ ಮಾಡೋದು) ಮಾಡಿದವರು, ಎಲ್ಲಿ ಕೇಳಿದ್ದು. ಮಾಸ್ಟರಿಂಗ್ ಯಾಕೆ ಅಂತೀರಾ? ಒಂದೇ ಜಾತಿಯ ಸಂಗೀತ ಮಾಡೋರು ತಾವು ನಂಬಿದ ಒಬ್ಬರ ಕಿವಿಯ ಹತ್ತಿರವೇ ಹೋಗ್ತಾರೆ. ಬರ್ಲಿನ್‌ನ ರಷಾದ್ ಬೆಕರ್ ಹೆಸರು ಎಷ್ಟು ಪ್ರಾಯೋಗಿಕ ಆಲ್ಬಮ್‌ಗಳ ಮೇಲಿದೆ ನೋಡಿ, ಆ ಒಂದು ಹೆಸರನ್ನ ಹಿಡಿದು ಹೊರಟರೆ ವರ್ಷ ಕಳೆಯಬಹುದು.

ಹುಡುಕಾಟ ಇಲ್ಲಿಂದ ತಾನಾಗೇ ಶುರುವಾಗುತ್ತೆ. ಇಷ್ಟವಾದ ಆಲ್ಬಮ್‌ನ ಲೇಬಲನ್ನ ಡಿಸ್ಕಾಗ್ಸ್‌ನಲ್ಲಿ ತೆಗೆಯಿರಿ. 2000ದಿಂದ ಬಳಕೆದಾರರೇ ತುಂಬಿಸಿದ, ಆಲ್ಬಮ್‌ಗಳ ಪಟ್ಟಿ ಇರೋ ತಾಣ ಅದು. ನಿಮ್ಮ ಆಲ್ಬಮ್ ನಂಬರು 007 ಆಗಿದ್ದರೆ 006, 008 ಮೊದಲು ಕೇಳಿ, ಆಮೇಲೆ 001ಕ್ಕೆ ಹೋಗಿ. 10ರಿಂದ 30 ಬಿಡುಗಡೆ ಇರೋ ಸಣ್ಣ ಲೇಬಲ್ ಆರಿಸಿ. ಒಬ್ಬರೋ ಇಬ್ಬರೋ ನಡೆಸ್ತಿರ್ತಾರೆ, ಅವರ ರುಚಿ ಮೊದಲಿಂದ ಕೊನೇವರೆಗೆ ಕಾಣುತ್ತೆ. 300 ದಾಟಿದ ಲೇಬಲ್‌ಗೆ ರುಚಿ ಅನ್ನೋದು ಉಳಿದಿರಲ್ಲ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಆಮೇಲೆ ಬ್ಯಾಂಡ್‌ಕ್ಯಾಂಪ್, ಕಲಾವಿದರೂ ಲೇಬಲ್‌ಗಳೂ ನೇರವಾಗಿ ಆಲ್ಬಮ್ ಮಾರೋ ತಾಣ. ಅಲ್ಲಿ ‘ಎಕ್ಸ್‌ಪೆರಿಮೆಂಟಲ್’ ಟ್ಯಾಗ್ ಒತ್ತಬೇಡಿ, ಗಿಟಾರಿಗೆ ಸ್ವಲ್ಪ ಎಕೋ ಹಾಕಿದವನೂ ಅದನ್ನೇ ಅಂಟಿಸಿರ್ತಾನೆ. ಊರಿನ ಟ್ಯಾಗ್ ಒತ್ತಿ. ಬೆಂಗಳೂರಿಗೆ ಹಳೇ ಸ್ಪೆಲಿಂಗು, ಹೊಸ ಸ್ಪೆಲಿಂಗು ಎರಡನ್ನೂ ನೋಡಬೇಕು, ಎರಡೂ ಬೇರೆ ಬೇರೆ ಟ್ಯಾಗು. ಆಲ್ಬಮ್ ಪುಟದಲ್ಲಿ ಕೊಂಡವರ ಪುಟ್ಟ ಚಿತ್ರಗಳ ಸಾಲಿರುತ್ತೆ. ಒಂದನ್ನ ಒತ್ತಿದರೆ ಅವರ ಇಡೀ ಸಂಗ್ರಹ ತೆರೆಯುತ್ತೆ. ನಿಮಗಿಷ್ಟವಾದ ಮೂರು ಅಪರೂಪದ ಆಲ್ಬಮ್ ಅವರ ಹತ್ತಿರವೂ ಇದ್ದರೆ, ಒಟ್ಟು ಸಂಗ್ರಹ ನಾನೂರರ ಒಳಗಿದ್ದರೆ, ಅವರನ್ನ ಫಾಲೋ ಮಾಡಿ. ಐದು ಸಾವಿರ ಕೊಂಡವರು ಬೇಡ, ಅವರು ಆರಿಸಲ್ಲ, ಗುಡ್ಡೆ ಹಾಕ್ತಾರೆ. ಲೇಬಲ್ ಫಾಲೋ ಮಾಡಿದರೆ ಹೊಸ ಬಿಡುಗಡೆಗೆ ಇಮೇಲ್ ಬರುತ್ತೆ, ಅದಕ್ಕೆ ಬೇರೆ ಫೋಲ್ಡರ್ ಇರಲಿ, ಇಲ್ಲದಿದ್ದರೆ ಕಾಲೇಜಿನ ಇಮೇಲ್ ಮುಳುಗಿಹೋಗುತ್ತೆ.

ರೇಡಿಯೊ ಬಿಡಬೇಡಿ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೇಲೇ ಬಾನುಲಿ ಶುರು ಮಾಡಿದ ಊರಿಗೆ ದಿನಾ ಬರ್ತಿದ್ದೀರಿ. ಲಂಡನ್ನಿನ ಎನ್‌ಟಿಎಸ್ ಅನ್ನೋ ರೇಡಿಯೊ 2011ರಿಂದ ನಡೀತಿದೆ, ಆನ್‌ಲೈನಲ್ಲಿ ಎರಡು ಲೈವ್ ಚಾನೆಲ್. ನನಗೆ ಬೇಕಾದದ್ದು ಲೈವ್ ಅಲ್ಲ, ಹಳೇ ಕಾರ್ಯಕ್ರಮಗಳ ಕೆಳಗಿರೋ ಹಾಡಿನ ಪಟ್ಟಿ. ನೇರವಾಗಿ ಸ್ಪ್ರೆಡ್‌ಶೀಟಿಗೆ ಹೋಗೋ ಮಾಲು ಅದು.

ದುಡ್ಡಿನ ವಿಷಯ. ತಿಂಗಳ ಚಂದಾ ಬದಲು ತಿಂಗಳಿಗೊಂದು ಆಲ್ಬಮ್ ಕೊಳ್ಳಿ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಯುಪಿಐ ನಡೆಯಲ್ಲ. ಕಾರ್ಡ್ ಮೊದಲ ಸಲ ಫೇಲ್ ಆದರೆ ಗಾಬರಿ ಬೇಡ. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಆನ್‌ಲೈನ್ ವಹಿವಾಟು ಮುಚ್ಚಿಯೇ ಬರುತ್ತೆ, ಬ್ಯಾಂಕ್ ಆ್ಯಪ್‌ನಲ್ಲಿ ತೆರೆದು, ಕೊಂಡ ಮೇಲೆ ಮತ್ತೆ ಮುಚ್ಚಿ. ವಿದೇಶಿ ಕರೆನ್ಸಿಗೆ ಬ್ಯಾಂಕ್ ಒಂದಿಷ್ಟು ಶೇಕಡಾ ಹಿಡಿಯುತ್ತೆ, ಹಾಗಾಗಿ ಸಣ್ಣಸಣ್ಣದು ನಾಲ್ಕನ್ನ ಒಂದೇ ಸಲ ಕೊಳ್ಳಿ. ಮಾಮೂಲಿ ದಿನ ಡಿಜಿಟಲ್ ಮಾರಾಟದಲ್ಲಿ ಶೇ 15 ತಾಣಕ್ಕೆ. 2020ರ ಮಾರ್ಚಿನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನ ಆ ಪಾಲನ್ನ ಬಿಟ್ಟುಕೊಡ್ತಾರೆ. ಪ್ರತಿ ತಿಂಗಳೂ ಇರಲ್ಲ. ಗಡಿಯಾರ ಅಮೆರಿಕದ ಪಶ್ಚಿಮ ಕರಾವಳಿಯದು, ನಮಗೆ ಶುಕ್ರವಾರ ಮಧ್ಯಾಹ್ನ 12.30ಕ್ಕೆ ಶುರು, ಅವರ ಚಳಿಗಾಲದಲ್ಲಿ 1.30ಕ್ಕೆ. ಯಾರೂ ಕೇಳದ ಸಂಗೀತಕ್ಕೆ ಇಲ್ಲಿಂದ ದುಡ್ಡು ಕಳಿಸೋದಾ ಅಂತ ಮನೇಲಿ ಬೈದರೆ, ಜಯಚಾಮರಾಜ ಒಡೆಯರು ರಷ್ಯದ ಮೆಟ್ನರ್ ಅನ್ನೋರ ಸಂಗೀತ ರೆಕಾರ್ಡ್ ಮಾಡಿಸೋಕೆ 1940ರ ದಶಕದಲ್ಲಿ ಸಂಘವನ್ನೇ ಕಟ್ಟಿ ದುಡ್ಡು ಕೊಟ್ಟಿದ್ದನ್ನ ಹೇಳಿ.

ಕೊಂಡ ದಿನವೇ ಇಳಿಸಿಕೊಳ್ಳಿ. 40 ನಿಮಿಷದ ಆಲ್ಬಮ್ 320 ಕೆಬಿಪಿಎಸ್ ಎಂಪಿ3ಯಲ್ಲಿ 96 ಎಂಬಿ, ಫ್ಲ್ಯಾಕ್‌ನಲ್ಲಿ (ಸದ್ದು ಒಂಚೂರೂ ಕಳೆಯದೆ ಕುಗ್ಗಿಸೋ ಫೈಲು) ಹೆಚ್ಚುಕಮ್ಮಿ 250. ನಾಯ್ಸ್ ಮಾತ್ರ ಫ್ಲ್ಯಾಕ್‌ಗೆ ಬಗ್ಗಲ್ಲ, ಮುಂದಿನ ಸದ್ದು ಊಹಿಸಿ ಕುಗ್ಗಿಸೋದು ಅದರ ವಿದ್ಯೆ, ನಾಯ್ಸ್‌ನಲ್ಲಿ ಊಹಿಸೋಕೆ ಏನೂ ಇರಲ್ಲ, 400ರ ಹತ್ತಿರ ಹೋಗುತ್ತೆ. ಮನೆಯ ಕಂಪ್ಯೂಟರಿಗೆ ಫ್ಲ್ಯಾಕ್, ಫೋನಿಗೆ ಎಂಪಿ3. ಮಂಡ್ಯದಲ್ಲಿ ಹಾಕಿದರೆ ನಾಗನಹಳ್ಳಿ ಹೊತ್ತಿಗೆ ಒಂದು ಆಲ್ಬಮ್ ಮುಗಿಯುತ್ತೆ.

ಇವತ್ತೇ ಮಾಡಬೇಕಾದ್ದು ಒಂದಿದೆ. ಆ ಸತ್ತುಹೋದ 30 ಹಾಡನ್ನ ಪಟ್ಟಿಯಿಂದ ತೆಗೆದುಹಾಕಬೇಡಿ. ಪ್ರತಿ ಕೊಂಡಿಯಲ್ಲೂ ಅಕ್ಷರ, ಅಂಕಿ ಸೇರಿದ ಒಂದು ಗುರುತು ಇನ್ನೂ ಉಳಿದಿರುತ್ತೆ. ಅದನ್ನಷ್ಟೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಯಾರೋ ಎಲ್ಲೋ ಹಂಚಿಕೊಂಡಿದ್ದ ಸಾಲಲ್ಲಿ ಹೆಸರು ಸಿಗಬಹುದು, ಇಲ್ಲದಿದ್ದರೆ ಪೂರ್ತಿ ಕೊಂಡಿಯನ್ನ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ. ನನಗೆ ಹೀಗೆ 31 ಹೆಸರು ವಾಪಸ್ ಸಿಕ್ಕಿತು, ನೂರರಲ್ಲಿ. ಉಳಿದ 40ನ್ನ ಅವತ್ತು ಬೆಳಿಗ್ಗೆಯೇ ಸಿಟ್ಟಿಗೆ ಅಳಿಸಿಹಾಕಿದ್ದೆ.