ಪೆನ್ನು ಪ್ರಶ್ನೋತ್ತರ: ಒಂದರ ನಿಬ್ಬು, ಇನ್ನೊಂದರ ಮೈ

ಪ್ರಶ್ನೆ: ಡ್ರಾಯರಿನಲ್ಲಿ ಐದಾರು ಫೌಂಟನ್ ಪೆನ್ನುಗಳಿವೆ. ಒಂದರ ಕ್ಯಾಪ್ ಕಳೆದಿದೆ, ಒಂದರ ನಿಬ್ ಸೊಟ್ಟಗಾಗಿದೆ, ಇನ್ನೊಂದರ ಬ್ಯಾರಲ್, ಅಂದರೆ ಹಿಂಭಾಗದ ಕೊಳವೆ, ಸೀಳಿದೆ. ಚೆನ್ನಾಗಿರುವ ಭಾಗಗಳನ್ನೆಲ್ಲ ಕೂಡಿಸಿ ಒಂದು ಪೆನ್ನು ಮಾಡಬಹುದೆ?

ಉತ್ತರ: ಮಾಡಬಹುದು, ಆದರೆ ಬಣ್ಣ ನೋಡಿ ಜೋಡಿಸಲು ಹೋಗಬೇಡಿ. ನಿಬ್, ಅದಕ್ಕೆ ಇಂಕು ತಂದುಕೊಡುವ ಅಡಿಯ ಫೀಡ್, ಅವೆರಡನ್ನೂ ಕಚ್ಚಿ ಹಿಡಿದ ಸೆಕ್ಷನ್, ಅಂದರೆ ಬೆರಳಿಡುವ ಭಾಗ, ಈ ಮೂರೂ ಒಂದೇ ಸಂಸಾರ. ಆದಷ್ಟೂ ಮೂರನ್ನೂ ಒಂದೇ ಪೆನ್ನಿನಿಂದ ತೆಗೆಯಿರಿ. ಬ್ಯಾರಲ್ಲು, ಕ್ಲಿಪ್ಪು ಎಲ್ಲಿಂದ ಬಂದರೂ ಅಕ್ಷರ ಕೆಡುವುದಿಲ್ಲ.

ಸೆಕ್ಷನ್ ಮತ್ತು ಬ್ಯಾರಲ್ ಕೂಡುತ್ತವೆಯೇ ಎಂದು ನೋಡಲು ಒಂದು ಕ್ರಮವಿದೆ. ಎರಡನ್ನೂ ನೇರವಾಗಿ ಇಟ್ಟು ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲನೆ ತಿರುಗಿಸಿ. ಥ್ರೆಡ್, ಅಂದರೆ ತಿರುಪಿನ ಸುರುಳಿ, ತನ್ನ ಜಾಗಕ್ಕೆ ಬಿದ್ದಾಗ ಬೆರಳಿಗೆ ಸಣ್ಣಗೆ ‘ಟಕ್’ ಎಂದು ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಕೊನೆಯವರೆಗೂ ಹಗುರವಾಗಿ ಹೋದರೆ ಸರಿ. ಒಂದು ಸುತ್ತಿಗೇ ಬಿಗಿದರೆ ಥ್ರೆಡ್ಡಿನ ಅಂತರ ಬೇರೆ ಎಂದರ್ಥ, ಅಲ್ಲಿಗೇ ಬಿಡಿ. ಒತ್ತಾಯ ಮಾಡಿದರೆ ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಸೀಳಿ, ಆಮೇಲೆ ಅಲ್ಲಿಂದಲೇ ಇಂಕು ಒಸರುತ್ತದೆ.

ಕಾರ್ಟ್ರಿಜ್ (ಇಂಕು ತುಂಬಿ ಬರುವ ಕೊಳವೆ), ಕನ್ವರ್ಟರ್ (ಬಾಟಲಿಯಿಂದ ಇಂಕು ಎಳೆದು ತುಂಬಿಕೊಳ್ಳುವ ಕೊಳವೆ) ಸೆಕ್ಷನ್ನಿನ ಕಂಪನಿಗೆ ಸೇರಿದ್ದು, ಬ್ಯಾರಲ್ಲಿನದಕ್ಕಲ್ಲ. ಲ್ಯಾಮಿ, ಪೈಲಟ್, ಸೈಲರ್, ಪ್ಲಾಟಿನಂ, ಪಾರ್ಕರ್ ಇವಕ್ಕೆ ಅವವುಗಳದ್ದೇ ಬೇಕು. ಕಾವೆಕೋದಂಥ ಅನೇಕ ಪೆನ್ನುಗಳು ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್ ಎಂಬ ಸಾಮಾನ್ಯ ಅಳತೆಯದ್ದನ್ನು ಬಳಸುತ್ತವೆ, ಇದರ ಗಿಡ್ಡ ಕಾರ್ಟ್ರಿಜ್ ಸುಮಾರು 38 ಮಿ.ಮೀ. ಉದ್ದ. ಬ್ಯಾರಲ್ ಗಿಡ್ಡವಿದ್ದರೆ ಕನ್ವರ್ಟರ್ ಹಿಂದಿನ ಗೋಡೆಗೆ ತಾಗುತ್ತದೆ, ಮೊದಲೇ ಅಳೆದುಕೊಳ್ಳಿ.

ಪ್ರಶ್ನೆ: ನನ್ನ ಪೆನ್ನಿಗೆ ಬೇರೆ ಕಂಪನಿಯ 6ನೇ ನಂಬರ್ ನಿಬ್ ಹಾಕಿದೆ. ಕೂತಿದ್ದು ಚೆನ್ನಾಗಿಯೇ ಇದೆ. ಆದರೆ ಅರ್ಧ ಪುಟ ಬರೆಯುವಷ್ಟರಲ್ಲಿ ಇಂಕು ಬತ್ತುತ್ತದೆ. ಯಾಕೆ?

ಉತ್ತರ: ನಂಬರು ಒಂದೇ ಇದ್ದ ಮಾತ್ರಕ್ಕೆ ಬಾಗು ಒಂದೇ ಇರುವುದಿಲ್ಲ. 6ನೇ ನಂಬರ್ ನಿಬ್ ಸಾಮಾನ್ಯವಾಗಿ 35 ಮಿ.ಮೀ. ಆಸುಪಾಸಿನ ಉದ್ದದ್ದು, ಅದರ ಆಚೆಗೆ ಒಬ್ಬೊಬ್ಬರದು ಒಂದೊಂದು ಆಕಾರ. ನಿಬ್ ತಯಾರಿಸುವ ಜೋವೋ, ಬಾಕ್ ಕಂಪನಿಗಳೆರಡೂ 6ನೇ ನಂಬರ್ ಮಾಡುತ್ತವೆ, ಆದರೆ ಒಂದರ ಹೌಸಿಂಗ್, ಅಂದರೆ ನಿಬ್ಬು ಫೀಡುಗಳನ್ನು ಹಿಡಿದಿಡುವ ತಿರುಪಿನ ಕೊಳವೆ, ಇನ್ನೊಂದಕ್ಕೆಂದು ಮಾಡಿದ ಸೆಕ್ಷನ್ನಿಗೆ ತಿರುಗುವುದಿಲ್ಲ. ಪೈಲಟ್ಟಿನ 5, 10, 15ರ ಲೆಕ್ಕವೇ ಬೇರೆ.

ಪೆನ್ನನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ಪಕ್ಕದಿಂದ ನೋಡಿ. ನಿಬ್ಬಿಗೂ ಫೀಡಿಗೂ ನಡುವೆ ಬೆಳಕಿನ ಗೆರೆ ಕಂಡರೆ ರೋಗ ಅದೇ. ಇಂಕು ಫೀಡಿನ ಕಿರುಗಾಲುವೆಯಿಂದ ನಿಬ್ಬಿನ ಸೀಳಿಗೆ ಏರುವುದು ಎರಡೂ ಅಂಟಿಕೊಂಡಿದ್ದರೆ ಮಾತ್ರ. ನಡುವೆ ಗಾಳಿ ಹೊಕ್ಕರೆ ದಾರಿ ಕಡಿಯಿತು. ಮೊದಲು ಫೀಡಿನಲ್ಲಿ ನಿಂತಿದ್ದ ಇಂಕಿನಿಂದ ನಾಲ್ಕಾರು ಸಾಲು ಬರುತ್ತದೆ, ಅದು ಮುಗಿದ ಮೇಲೆ ಹೊಸದು ಬರುವುದಿಲ್ಲ. ನೀವು ಹೇಳಿದ ‘ಅರ್ಧ ಪುಟ’ ಅದೇ.

ಫೀಡ್ ಎಬೊನೈಟಿನದಾದರೆ, ಅಂದರೆ ಗಟ್ಟಿ ರಬ್ಬರಿನದಾದರೆ, ಪರಿಹಾರ ಸುಲಭ. ಪೆನ್ನು ತೊಳೆದು, ನಿಬ್ ಮತ್ತು ಫೀಡನ್ನು ಸೇರಿಸಿ ಕೂರಿಸಿ. ಫೀಡಿನ ತುದಿ ನಿಬ್ಬಿನ ರಂಧ್ರ ದಾಟಿ, ರಂಧ್ರಕ್ಕೂ ಮೊನೆಗೂ ನಡುವೆ ಬರಲಿ. 80ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ನಿಬ್ಬಿನ ಭಾಗವನ್ನಷ್ಟೇ 20–30 ಸೆಕೆಂಡ್ ಅದ್ದಿ ತೆಗೆಯಿರಿ. ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಫೀಡನ್ನು ನಿಬ್ಬಿಗೆ ಒತ್ತಿ ಹಿಡಿದು, ಹಾಗೇ ತಣ್ಣೀರಿಗೆ ಅದ್ದಿ. ಗೆರೆ ಮಾಯವಾಗುವವರೆಗೆ ಎರಡು ಮೂರು ಸಲ ಮಾಡಬೇಕಾದೀತು. ಸೆಕ್ಷನ್ನನ್ನು ಮುಳುಗಿಸಬೇಡಿ: ಎಬೊನೈಟಿನ ಮೈ ಬಿಸಿನೀರಿಗೆ ಬಣ್ಣಗೆಡುತ್ತದೆ, ಸೆಲ್ಯುಲಾಯ್ಡ್ ಸೊಟ್ಟಗಾಗುತ್ತದೆ.

ಪ್ಲಾಸ್ಟಿಕ್ ಫೀಡ್ ಹೀಗೆ ಬಾಗಿ ನಿಲ್ಲುವುದು ಕಡಿಮೆ. ಅದಕ್ಕೆ ನಿಬ್ಬನ್ನೇ ಬಗ್ಗಿಸುವ ಪ್ರಯತ್ನ ಬೇಡ, ಹೆಗಲು ಬಾಗಿದರೆ ಸೀಳಿನ ತುದಿಗಳು ಮೇಲೆ ಕೆಳಗಾಗಿ ಕಾಗದ ಕೆರೆಯತೊಡಗುತ್ತವೆ. ಆ ನಿಬ್ಬಿಗೆ ಹೊಂದುವ ಫೀಡನ್ನು ಹುಡುಕುವುದೇ ಒಳ್ಳೆಯದು.

ಪ್ರಶ್ನೆ: ಅದ್ದಿ ಬರೆಯುವ ಜೀಬ್ರಾ ಜಿ ನಿಬ್ಬನ್ನು ಫೌಂಟನ್ ಪೆನ್ನಿಗೆ ಹಾಕಬಹುದೆ?

ಉತ್ತರ: 6ನೇ ನಂಬರ್ ನಿಬ್ ಹಿಡಿಯುವ ಜಿನ್‌ಹಾವೊ ಎಕ್ಸ್750ರಂಥ ಪೆನ್ನಿಗೆ ಇದನ್ನು ಹಾಕುವವರು ಬಹಳ. ಗೆರೆ ತೆಳುವಿನಿಂದ ದಪ್ಪಕ್ಕೆ ಹೋಗುವ ಆ ಸೊಗಸು ಸಾಧಾರಣ ನಿಬ್ಬಿನಲ್ಲಿ ಸಿಗುವುದಿಲ್ಲ, ನಿಜ. ಆದರೆ ಇದು ಉಕ್ಕಿನದು, ಪೆನ್ನಿನೊಳಗೆ ಸದಾ ಇಂಕಿನಲ್ಲೇ ನಿಂತು ತುಕ್ಕು ಹಿಡಿಯುತ್ತದೆ. ಮೊನೆಯಲ್ಲಿ ಗಟ್ಟಿ ಲೋಹದ ಗುಂಡೂ ಇಲ್ಲ, ಬೇಗ ಸವೆಯುತ್ತದೆ. ಒಂದು ಬಿಡಿ ನಿಬ್ ಜೊತೆಗಿಟ್ಟುಕೊಳ್ಳಿ, ಬರೆಯದ ದಿನ ಇಂಕು ಚೆಲ್ಲಿ ತೊಳೆದಿಡಿ. ಒತ್ತಿ ಬರೆದಾಗ ಗೆರೆಯ ಮಧ್ಯ ಬಿಳಿ ಉಳಿದು ರೈಲು ಹಳಿಯಂತೆ ಕಂಡರೆ ಫೀಡ್ ಸಾಲುತ್ತಿಲ್ಲ. ಎಬೊನೈಟ್ ಫೀಡಿನ ಕಾಲುವೆಯನ್ನು ತೆಳು ಬ್ಲೇಡಿನಿಂದ ಒಂದೇ ಒಂದು ಸಲ ಎಳೆದು ಆಳ ಮಾಡಿ, ಬರೆದು ನೋಡಿ, ಬೇಕಿದ್ದರೆ ಮತ್ತೊಮ್ಮೆ. ಹೆಚ್ಚು ಕೊರೆದರೆ ಇಂಕು ಹನಿ ಬೀಳುತ್ತದೆ, ಕೊರೆದದ್ದನ್ನು ಮತ್ತೆ ತುಂಬಲು ದಾರಿಯಿಲ್ಲ.

ಪ್ರಶ್ನೆ: ಬೇರೆ ಪೆನ್ನಿನ ಕ್ಯಾಪ್ ಚೆನ್ನಾಗಿ ಕೂರುತ್ತದೆ. ಆದರೂ ಬೆಳಿಗ್ಗೆ ನಿಬ್ ಒಣಗಿರುತ್ತದೆ.

ಉತ್ತರ: ಹೊರಗೆ ಕೂತರೆ ಸಾಲದು. ಕ್ಯಾಪಿನೊಳಗೆ ಇನ್ನೊಂದು ಸಣ್ಣ ಒಳಕ್ಯಾಪ್ ಇರುತ್ತದೆ, ಅದರ ಅಂಚು ಸೆಕ್ಷನ್ನಿನ ಮುಂಭಾಗಕ್ಕೆ ಮುಟ್ಟಿದರೇ ಗಾಳಿ ನಿಲ್ಲುವುದು. ಸೆಕ್ಷನ್ ಅರ್ಧ ಮಿಲಿಮೀಟರ್ ಗಿಡ್ಡವಾದರೂ ಸಂದು ಉಳಿಯುತ್ತದೆ. ನಿಬ್ ಉದ್ದವಾದರೆ ಇನ್ನೂ ಕೆಟ್ಟದ್ದು, ಮೊನೆ ಒಳಕ್ಯಾಪಿನ ತಲೆಗೆ ಬಡಿದು ಬಾಗುತ್ತದೆ. ಕಡ್ಡಿಯೊಂದನ್ನು ಇಳಿಸಿ ಒಳಕ್ಯಾಪಿನ ಆಳ ಗುರುತು ಮಾಡಿ, ನಿಬ್ ಸೆಕ್ಷನ್ನಿನಿಂದ ಎಷ್ಟು ಹೊರಚಾಚಿದೆ ಎಂಬುದಕ್ಕೆ ಹೋಲಿಸಿದ ಮೇಲೆಯೇ ಕ್ಯಾಪ್ ಮುಚ್ಚಿ.